ತಲೆ ಯಾರದ್ದು? ಮಿಷಿಗನ್ ಹೆಲ್ಮೆಟ್ ಕಾನೂನಿನ ಪ್ರಕರಣ

2012ರ ಏಪ್ರಿಲ್ 13, ಶುಕ್ರವಾರ. ಹದಿಮೂರನೇ ತಾರೀಕು ಶುಕ್ರವಾರ ಬಂದರೆ ಅಮೆರಿಕದಲ್ಲಿ ಅಪಶಕುನ ಅಂತಾರೆ. ಮಿಷಿಗನ್ ರಾಜ್ಯದ ಬೈಕ್ ಸವಾರರಿಗೆ ಮಾತ್ರ ಅದು ಹಬ್ಬದ ದಿನ. ನಲವತ್ತಕ್ಕೂ ಹೆಚ್ಚು ವರ್ಷ ಎಲ್ಲರ ತಲೆ ಮೇಲೆ ಕೂತಿದ್ದ ಹೆಲ್ಮೆಟ್ ಕಾನೂನು ಅವತ್ತು ಸಡಿಲವಾಯಿತು. ಗವರ್ನರ್ ರಿಕ್ ಸ್ನೈಡರ್ ಸಹಿ ಹಾಕಿದ ಮಸೂದೆ ಜಾರಿಗೆ ಬಂತು. ಅಲ್ಲಿ ಚಳಿಗಾಲ ಉದ್ದ, ರಸ್ತೆ ತುಂಬ ಹಿಮ, ಬೈಕುಗಳು ಶೆಡ್ಡಿನಿಂದ ಹೊರಗೆ ಬರುವುದೇ ವಸಂತ ಬಂದ ಮೇಲೆ. ಹಾಗಾಗಿ ಕಾನೂನು ಬಂದ ಹೊತ್ತೂ ಸವಾರರಿಗೆ ಸರಿಯಾಗಿ ಒದಗಿತ್ತು.

ಈ ಪ್ರಕರಣವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. "ನನ್ನ ಜೀವ, ನನ್ನ ಇಷ್ಟ, ಮಧ್ಯದಲ್ಲಿ ಸರ್ಕಾರಕ್ಕೇನು ಕೆಲಸ?" ಎಂಬ ಮಾತು ಎಲ್ಲ ಕಡೆ ಇದೆ. ಸೀಟ್ ಬೆಲ್ಟ್ ಇರಲಿ, ಸಿಗರೇಟ್ ಇರಲಿ, ಬೆಟ್ಟ ಹತ್ತುವುದಿರಲಿ, ಚರ್ಚೆ ಶುರುವಾಗಿ ಐದು ನಿಮಿಷದಲ್ಲಿ ಒಬ್ಬರು ಸ್ವಾತಂತ್ರ್ಯ ಅಂತಾರೆ, ಇನ್ನೊಬ್ಬರು ಜೀವಕ್ಕಿಂತ ದೊಡ್ಡದಾ ಅಂತಾರೆ, ಅಲ್ಲಿಗೆ ಮುಗೀತು, ಇಬ್ಬರೂ ತಮ್ಮ ತಮ್ಮ ಜಾಗ ಬಿಟ್ಟು ಕದಲುವುದಿಲ್ಲ. ಮಿಷಿಗನ್‌ನಲ್ಲಿ ಕಥೆ ಮುಂದಕ್ಕೂ ಹೋಯಿತು. ಕಾನೂನು ಬಂತು, ಕೋರ್ಟ್ ಅದನ್ನು ಕಿತ್ತು ಹಾಕಿತು, ಮತ್ತೆ ಬಂತು, ದಶಕಗಟ್ಟಲೆ ನಿಂತಿತ್ತು, ಆಮೇಲೆ ಅರ್ಧ ಹೋಯಿತು. ಹೋಗುವ ಮೊದಲು ಹೇಗಿತ್ತು, ಹೋದ ಮೇಲೆ ಏನಾಯಿತು ಅಂತ ಕೂತು ಲೆಕ್ಕ ಹಾಕಿದವರೂ ಇದ್ದಾರೆ. ಇಂಥ ಅವಕಾಶ ಸುಮ್ನೆ ಸಿಗುವುದಿಲ್ಲ.

ಹಳೆಯ ಜಗಳ

1966ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಹೆದ್ದಾರಿ ಸುರಕ್ಷತೆಗೆ ಒಂದು ಕಾಯ್ದೆ ತಂದಿತು. ಅದರ ಬಲದಲ್ಲಿ ರಾಜ್ಯಗಳಿಗೆ ಹೇಳಿದ್ದಿಷ್ಟು: ನಿಮ್ಮಲ್ಲಿ ಎಲ್ಲ ಬೈಕ್ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿ, ಇಲ್ಲದಿದ್ದರೆ ರಸ್ತೆಗೆ ಕೊಡುವ ಹಣದಲ್ಲಿ ಕಡಿತ. ಹಣದ ಮಾತು ಬಂದ ಕೂಡಲೇ ರಾಜ್ಯಗಳು ಒಂದೊಂದಾಗಿ ದಾರಿಗೆ ಬಂದವು. 1975ರ ಹೊತ್ತಿಗೆ 50ರಲ್ಲಿ 47 ರಾಜ್ಯಗಳಲ್ಲಿ ಹೆಲ್ಮೆಟ್ ಕಾನೂನಿತ್ತು. (ಬಗ್ಗದೆ ಕೂತಿದ್ದವುಗಳಲ್ಲಿ ಕ್ಯಾಲಿಫೋರ್ನಿಯಾ ಒಂದು. ಅದೇ ಕ್ಯಾಲಿಫೋರ್ನಿಯಾ 1992ರಲ್ಲಿ ಯಾರ ಬಲವಂತವೂ ಇಲ್ಲದೆ ಎಲ್ಲರಿಗೂ ಕಡ್ಡಾಯ ಮಾಡಿಕೊಂಡಿತು!)

ಮಿಷಿಗನ್ ಬೇಗನೇ ಕಾನೂನು ಮಾಡಿದ ರಾಜ್ಯಗಳಲ್ಲಿ ಒಂದು. ಅಮೆರಿಕನ್ ಮೋಟರ್‌ಸೈಕಲ್ ಅಸೋಸಿಯೇಷನ್ ಕೋರ್ಟಿಗೆ ಹೋಯಿತು. 1968ರಲ್ಲಿ ಮಿಷಿಗನ್‌ನ ಮೇಲ್ಮನವಿ ಕೋರ್ಟ್ ಕಾನೂನನ್ನು ರದ್ದು ಮಾಡಿತು. ಆ ತೀರ್ಪಿನಲ್ಲಿ ಒಂದು ಸಣ್ಣ ಜಾಗ ನನಗೆ ಬಹಳ ಹಿಡಿಸುತ್ತದೆ. ಸವಾರನನ್ನು ಅವನಿಂದಲೇ ಕಾಪಾಡುತ್ತೇವೆ ಎಂದು ನೇರವಾಗಿ ಹೇಳಲು ಸರ್ಕಾರದ ಕಡೆಯವರಿಗೆ ಮುಜುಗರ. ಅದಕ್ಕೇ ಅವರು ಸುತ್ತು ಬಳಸಿ ಬಂದರು. ರಸ್ತೆಯ ಕಲ್ಲು ಹಾರಿ ಸವಾರನ ತಲೆಗೆ ಬಡಿಯಬಹುದು, ಅವನು ಹಿಡಿತ ತಪ್ಪಬಹುದು, ಬೈಕ್ ಹೋಗಿ ಬೇರೆಯವರಿಗೆ ಗುದ್ದಬಹುದು, ಆದ್ದರಿಂದ ಹೆಲ್ಮೆಟ್ ಇರುವುದು ಬೇರೆಯವರ ರಕ್ಷಣೆಗೆ ಅಂದರು. ಕೋರ್ಟ್ ಒಪ್ಪಲಿಲ್ಲ. ಹಾರಿ ಬರುವ ಕಲ್ಲು ತಡೆಯುವುದೇ ಉದ್ದೇಶವಾಗಿದ್ದರೆ ಬೈಕ್ ತಯಾರಿಸುವವರಿಗೆ ಮುಂದೆ ಗಾಜು ಹಾಕಲು ಹೇಳಬಹುದಿತ್ತಲ್ಲ, ತಲೆಗೆ ಯಾಕೆ ಬಂದಿರಿ ಎಂಬರ್ಥದಲ್ಲಿ ಬರೆಯಿತು. ಜನರನ್ನು ಗಟ್ಟಿಮುಟ್ಟಾಗಿ, ದುಡಿದು ತಿನ್ನುವ ಸ್ಥಿತಿಯಲ್ಲಿ ಇಡುವುದು ಸರ್ಕಾರದ ಹಿತ ಎಂಬ ಇನ್ನೊಂದು ವಾದವೂ ಇತ್ತು. ಅದಕ್ಕೆ ಕೋರ್ಟ್ ಹೇಳಿದ್ದು, ಈ ತರ್ಕ ಹಿಡಿದು ಹೊರಟರೆ ಸರ್ಕಾರದ ಅಪ್ಪನಗಿರಿಗೆ ಕೊನೆಯೇ ಇರುವುದಿಲ್ಲ ಅಂತ.

ಒಪ್ಪುವ ಮಾತೇ ಅಲ್ವಾ? ನಾನು ಕೊನೆಗೆ ಬೇರೆ ಕಡೆ ನಿಲ್ಲುತ್ತೇನೆ, ಆದರೂ ಈ ತೀರ್ಪನ್ನು ಹಗುರವಾಗಿ ತೆಗೆದುಕೊಳ್ಳಲು ಆಗುವುದಿಲ್ಲ. ಕಲ್ಲಿನ ಕಥೆ ನಿಜಕ್ಕೂ ಒಂದು ನೆಪ. ನೆಪ ಹೇಳಿ ಕಾನೂನು ಮಾಡುವುದಕ್ಕಿಂತ ನಿಜ ಹೇಳಿ ಸೋಲುವುದು ಮೇಲು.

1969ರಲ್ಲಿ ಮಿಷಿಗನ್ ಶಾಸನಸಭೆ ಮತ್ತೆ ಹೆಲ್ಮೆಟ್ ಕಡ್ಡಾಯ ಮಾಡಿತು. ಅಷ್ಟರಲ್ಲಿ ಬೇರೆ ರಾಜ್ಯಗಳ ಕೋರ್ಟುಗಳಲ್ಲೂ ಇದೇ ಜಗಳ. ಇಲಿನಾಯ್ ಸುಪ್ರೀಂ ಕೋರ್ಟ್ 1969ರಲ್ಲಿ ಸವಾರರ ಪರ ನಿಂತಿತು, ಆ ರಾಜ್ಯದಲ್ಲಿ ಇವತ್ತಿಗೂ ಹೆಲ್ಮೆಟ್ ಕಾನೂನೇ ಇಲ್ಲ. 1972ರಲ್ಲಿ ಮ್ಯಾಸಚೂಸೆಟ್ಸ್‌ನ ಫೆಡರಲ್ ಕೋರ್ಟ್ ಮಾತ್ರ ಗಾಳಿಯ ದಿಕ್ಕು ತಿರುಗಿಸಿತು. ಅದು ಕಲ್ಲಿನ ನೆಪಕ್ಕೆ ಹೋಗಲಿಲ್ಲ. ನೀನು ಬಿದ್ದ ಕ್ಷಣದಿಂದ ನಿನ್ನನ್ನು ರಸ್ತೆಯಿಂದ ಎತ್ತುವುದು ಸಮಾಜ, ಸರ್ಕಾರಿ ಆಸ್ಪತ್ರೆಗೆ ಸೇರಿಸುವುದು ಸಮಾಜ, ಕೆಲಸ ಹೋದರೆ ಭತ್ಯೆ ಕೊಡುವುದು, ಶಾಶ್ವತವಾಗಿ ಕೈಲಾಗದೆ ಹೋದರೆ ನಿನ್ನನ್ನೂ ನಿನ್ನ ಮನೆಯವರನ್ನೂ ಸಾಕುವುದು ಸಮಾಜ. ಇದೆಲ್ಲ ತನ್ನೊಬ್ಬನ ವಿಷಯ ಎಂದು ಯಾರಾದರೂ ಹೇಗೆ ಅಂದುಕೊಳ್ಳುತ್ತಾರೋ ನಮಗೆ ಅರ್ಥವಾಗುತ್ತಿಲ್ಲ ಎಂದಿತು. ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಅಲ್ಲಿಂದ ಮುಂದೆ "ಬಿಲ್ ಯಾರು ಕೊಡ್ತಾರೆ" ಎಂಬ ಪ್ರಶ್ನೆ ಈ ಚರ್ಚೆಯ ನಡುಮಧ್ಯಕ್ಕೆ ಬಂದು ಕೂತಿತು.

1976ರಲ್ಲಿ ಎರಡು ಸಂಗತಿ ನಡೆದವು. ಮಿಷಿಗನ್‌ನ ಸುಪ್ರೀಂ ಕೋರ್ಟ್ ಹೆಲ್ಮೆಟ್ ಕಡ್ಡಾಯ ಮಾಡಬಹುದು ಎಂದು ಒಪ್ಪಿತು. ಅದೇ ವರ್ಷ ಸವಾರರ ಒತ್ತಡಕ್ಕೆ ಮಣಿದ ಅಮೆರಿಕದ ಸಂಸತ್ತು, ಅಂದರೆ ಅಲ್ಲಿನ ಕಾಂಗ್ರೆಸ್, ಹಣ ಕಡಿತದ ಬೆದರಿಕೆಯನ್ನು ತೆಗೆದು ಹಾಕಿತು. ತೆಗೆದದ್ದೇ ತಡ, ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧದಷ್ಟು ರಾಜ್ಯಗಳು ಕಾನೂನನ್ನು ಕೈಬಿಟ್ಟವು ಅಥವಾ ಹುಡುಗರಿಗೆ ಮಾತ್ರ ಸೀಮಿತ ಮಾಡಿದವು. ಮಿಷಿಗನ್ ಬಿಡಲಿಲ್ಲ. ಪಕ್ಕದ ಒಹಾಯೊ, ಇಂಡಿಯಾನ, ವಿಸ್ಕಾನ್ಸಿನ್ ಎಲ್ಲ ಬಿಟ್ಟರೂ ಬಿಡಲಿಲ್ಲ. ಗಡಿ ದಾಟಿ ಒಳಗೆ ಬಂದ ಕೂಡಲೇ ಸವಾರ ಬೈಕ್ ನಿಲ್ಲಿಸಿ ಹೆಲ್ಮೆಟ್ ಹಾಕಿಕೊಳ್ಳಬೇಕಾದ ರಾಜ್ಯವಾಗಿ ಅದು ಉಳಿಯಿತು. ಪ್ರವಾಸಕ್ಕೆ ಬರುವ ಬೈಕಿನವರು ಇದೇ ಕಾರಣಕ್ಕೆ ನಮ್ಮ ರಾಜ್ಯಕ್ಕೆ ಬರುತ್ತಿಲ್ಲ ಎಂಬ ದೂರು ಜೋರಾಯಿತು. "ಓಡಿಸುವವರೇ ತೀರ್ಮಾನಿಸಲಿ" ಎಂಬುದು ಸವಾರರ ಸಂಘಗಳ ಘೋಷಣೆ. ಹಿಂದಿನ ಗವರ್ನರ್ ಜೆನಿಫರ್ ಗ್ರಾನ್‌ಹೋಮ್ ಮಸೂದೆಯನ್ನು ಎರಡು ಸಲ ವೀಟೊ ಮಾಡಿದ್ದರು. ಸ್ನೈಡರ್ ಬಂದ ಮೇಲೆ ದಾರಿ ತೆರೆಯಿತು.

ಕಾನೂನಿನ ಮೂರು ಷರತ್ತು

ಎಲ್ಲರೂ "ರದ್ದಾಯಿತು" ಅಂತಾರೆ, ಪೂರ್ತಿ ರದ್ದಾಗಿಲ್ಲ. ಹೊಸ ಕಾನೂನಿನ ಪ್ರಕಾರ ಹೆಲ್ಮೆಟ್ ಇಲ್ಲದೆ ಓಡಿಸಬೇಕಾದರೆ ನಿಮಗೆ 21 ವರ್ಷ ತುಂಬಿರಬೇಕು. ಬೈಕ್ ಲೈಸೆನ್ಸ್ ಸಿಕ್ಕಿ ಕನಿಷ್ಠ 2 ವರ್ಷ ಆಗಿರಬೇಕು, ಇಲ್ಲವೇ ಸುರಕ್ಷತಾ ತರಬೇತಿ ಪಾಸು ಮಾಡಿರಬೇಕು. ಮತ್ತು ಕನಿಷ್ಠ 20,000 ಡಾಲರಿನ ವೈದ್ಯಕೀಯ ವಿಮೆ ಇರಬೇಕು.

ಈ ಮೂರನ್ನೂ ನಿಧಾನಕ್ಕೆ ಓದಿ ನೋಡಿ. ಮೊದಲನೆಯದು ಹೇಳುವುದು, ತೀರ್ಮಾನ ಮಾಡುವಷ್ಟು ದೊಡ್ಡವನಾಗು. ಎರಡನೆಯದು, ಏನು ತೀರ್ಮಾನ ಮಾಡುತ್ತಿದ್ದೀಯ ಅಂತ ತಿಳಿದುಕೊ. ಸ್ವಾತಂತ್ರ್ಯದ ಪರ ಇರುವವರು ಇವೆರಡನ್ನೂ ಖುಷಿಯಿಂದ ಒಪ್ಪಬಹುದು. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಒಂದು ಸೇತುವೆಯ ಉದಾಹರಣೆ ಕೊಟ್ಟಿದ್ದ. ಮುರಿಯುವಂತಿರುವ ಸೇತುವೆ ಹತ್ತಲು ಒಬ್ಬ ಹೊರಟಿದ್ದಾನೆ, ಅವನಿಗೆ ಅದು ಗೊತ್ತಿಲ್ಲ, ಎಚ್ಚರಿಸಲು ಸಮಯವೂ ಇಲ್ಲ. ಹಿಡಿದು ಎಳೆದರೆ ತಪ್ಪಿಲ್ಲ, ಯಾಕೆಂದರೆ ನದಿಗೆ ಬೀಳುವುದು ಅವನ ಇಷ್ಟ ಅಲ್ಲವಲ್ಲ. ಬೀಳುವುದು ಖಚಿತವಲ್ಲ, ಬರೀ ಅಪಾಯ ಅಷ್ಟೇ ಅಂತಾದರೆ, ತಿಳಿಸಿ ಹೇಳಿ ಬಿಟ್ಟುಬಿಡಬೇಕು. 21 ವರ್ಷ ಮತ್ತು ತರಬೇತಿ ಎಂಬ ಷರತ್ತುಗಳು ಹೆಚ್ಚೂಕಮ್ಮಿ ಮಿಲ್‌ನ ಸೇತುವೆ ಕಾವಲುಗಾರನ ಕೆಲಸ ಮಾಡುತ್ತವೆ.

ಮೂರನೆಯ ಷರತ್ತಿನ ಜಾತಿಯೇ ಬೇರೆ. 20,000 ಡಾಲರ್ ವಿಮೆ ಕೇಳಿದ ಕ್ಷಣ ಶಾಸನಸಭೆ ಒಂದು ಮಾತು ಒಪ್ಪಿಕೊಂಡುಬಿಟ್ಟಿತು: ನಿನ್ನ ತಲೆ ಒಡೆದರೆ ಅದರ ಖರ್ಚು ನಮ್ಮ ಮೇಲೂ ಬರುತ್ತದೆ. ಒಪ್ಪಿಕೊಂಡ ಮೇಲೆ ಸರಿಯಾದ ಮೊತ್ತ ಕೇಳಬೇಕಿತ್ತು. ತಲೆಗೆ ಜೋರು ಪೆಟ್ಟು ಬಿದ್ದವನನ್ನು ಹೆಲಿಕಾಪ್ಟರಿನಲ್ಲಿ ತಂದು, ತಲೆಬುರುಡೆ ತೆರೆದು, ಐಸಿಯುವಿನಲ್ಲಿ ಮಲಗಿಸಿದರೆ ಅಮೆರಿಕದ ಆಸ್ಪತ್ರೆಯಲ್ಲಿ 20,000 ಡಾಲರ್ ಕೆಲವೇ ದಿನಕ್ಕೂ ಸಾಲುವುದಿಲ್ಲ. ತಿಂಗಳುಗಟ್ಟಲೆ ಮಾತು ಕಲಿಸುವ, ನಡೆಯಲು ಕಲಿಸುವ ಖರ್ಚು ಅದರ ಮೇಲೆ. ಇದು ಶಾಸಕರಿಗೆ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಮನಸ್ಸಿನ ಸಮಾಧಾನಕ್ಕೆ ಹಾಕಿದ ಸಂಖ್ಯೆ ಅದು.

ಇನ್ನು ಪೊಲೀಸರ ಪಾಡು. ಮೊದಲು ಕೆಲಸ ಸುಲಭವಾಗಿತ್ತು, ಬರಿ ತಲೆ ಕಂಡರೆ ನಿಲ್ಲಿಸು. ಈಗ ಹೆದ್ದಾರಿಯಲ್ಲಿ ಕೂದಲು ಹಾರಿಸಿಕೊಂಡು ಒಬ್ಬ ಹಾದು ಹೋದ ಅಂದುಕೊಳ್ಳಿ. ಅವನಿಗೆ ಇಪ್ಪತ್ತೋ ಇಪ್ಪತ್ತೆರಡೋ, ಲೈಸೆನ್ಸ್ ಸಿಕ್ಕಿ ಎಷ್ಟು ದಿನವಾಯಿತು, ಮನೆಯ ಡ್ರಾಯರಿನಲ್ಲಿ 20,000 ಡಾಲರಿನ ಪಾಲಿಸಿ ಇದೆಯೋ ಇಲ್ಲವೋ, ಕಾರಿನಲ್ಲಿ ಕೂತು ಇದನ್ನೆಲ್ಲ ಹೇಗೆ ನೋಡುವುದು? ಕಾಗದದ ಮೇಲೆ ಮೂರು ಷರತ್ತಿನ ಕಾನೂನು, ರಸ್ತೆ ಮೇಲೆ ಷರತ್ತೇ ಇಲ್ಲ. ಹುಡುಗರನ್ನು ಕಾಪಾಡುತ್ತೇವೆ ಅಂದಿದ್ದೂ ಅಲ್ಲಿಗೇ ಸಡಿಲವಾಯಿತು.

ಬಿಲ್ಲಿನ ಪ್ರಯಾಣ

ಮಿಷಿಗನ್‌ನಲ್ಲಿ ಈ ಖರ್ಚಿನ ವಿಷಯ ಬೇರೆ ರಾಜ್ಯಗಳಿಗಿಂತ ಜಾಸ್ತಿ ವಿಚಿತ್ರ. ಅಲ್ಲಿ ವಾಹನ ವಿಮೆಗೆ ಒಂದು ವಿಶೇಷ ಪದ್ಧತಿ ಇತ್ತು. ತಪ್ಪು ಯಾರದ್ದೇ ಇರಲಿ, ಕಾರು ಅಪಘಾತದಲ್ಲಿ ಗಾಯವಾದವರಿಗೆ ವೈದ್ಯಕೀಯ ಖರ್ಚು ಜೀವನಪೂರ್ತಿ, ಮಿತಿ ಇಲ್ಲದೆ ಸಿಗುತ್ತಿತ್ತು. ಬೈಕನ್ನು ಈ ಪದ್ಧತಿಯಲ್ಲಿ ಮೋಟಾರು ವಾಹನ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಸವಾರ ಒಬ್ಬನೇ ಜಾರಿ ಬಿದ್ದರೆ ಈ ಸೌಲಭ್ಯ ಇಲ್ಲ, ಅವನ ಸ್ವಂತ ಪಾಲಿಸಿ ಎಷ್ಟಿದೆಯೋ ಅಷ್ಟೇ. ಆದರೆ ಅಪಘಾತದಲ್ಲಿ ಕಾರೊಂದು ಸಿಕ್ಕಿಕೊಂಡಿದ್ದರೆ, ಮೊದಲು ಕೈಹಾಕುವುದು ಆ ಕಾರಿನ ವಿಮಾ ಕಂಪನಿಯ ಜೇಬಿಗೆ. ತಪ್ಪು ಬೈಕಿನವನದೇ ಆಗಿದ್ದರೂ!

ದೊಡ್ಡ ದೊಡ್ಡ ಬಿಲ್ಲುಗಳನ್ನು ತುಂಬಿಕೊಡಲು ರಾಜ್ಯದಲ್ಲಿ ಒಂದು ಸಾಮೂಹಿಕ ನಿಧಿ ಇದೆ. ಅದಕ್ಕೆ ಆಗ ವಿಮೆ ಇದ್ದ ಪ್ರತಿ ವಾಹನದ ಮೇಲೂ ವರ್ಷಕ್ಕಿಷ್ಟು ಅಂತ ವಸೂಲಿ ಇತ್ತು. 2012ರ ಜುಲೈನಿಂದ ಅದು ವಾಹನಕ್ಕೆ 175 ಡಾಲರ್ ಇತ್ತು. ಅದರಲ್ಲಿ ಬೈಕಿನವರ ತಲೆಯ ಪಾಲು ಎಷ್ಟು ಎಂಬುದು ಬೇರೆ ಮಾತು, ದೊಡ್ಡ ಪಾಲು ಕಾರಿನವರದ್ದೇ ಇರಬೇಕು. ನಾನು ಹೇಳುತ್ತಿರುವುದು ಇಷ್ಟೇ: ಬೈಕನ್ನೇ ಮುಟ್ಟದ ಒಬ್ಬ ಅಜ್ಜಿ, ವಾರಕ್ಕೊಮ್ಮೆ ಕಾರು ತೆಗೆಯುವವಳು, ಅವಳೂ ಆ ನಿಧಿಗೆ ಹಣ ಹಾಕುತ್ತಿದ್ದಳು. "ನನ್ನ ಅಪಾಯ ನನ್ನದು" ಅನ್ನುವವನ ಅಪಾಯದಲ್ಲಿ ಅವಳಿಗೂ ಸಣ್ಣ ಪಾಲಿತ್ತು, ಅವಳನ್ನು ಯಾರೂ ಕೇಳಿರಲಿಲ್ಲ.

2019ರಲ್ಲಿ ಈ ವಿಮೆ ಪದ್ಧತಿಯನ್ನೂ ಬದಲಾಯಿಸಿದರು, 2020ರ ಜುಲೈನಿಂದ ಜಾರಿ. ಈಗ ಕಾರಿನವರು ತಮಗೆ ಎಷ್ಟು ಮೊತ್ತದ ವೈದ್ಯಕೀಯ ರಕ್ಷಣೆ ಬೇಕು ಅಂತ ಆರಿಸಿಕೊಳ್ಳಬಹುದು. ಇದರ ಬಿಸಿ ತಟ್ಟಿದ್ದು ಸವಾರರಿಗೆ. ನಿಮಗೆ ಗುದ್ದಿದ ಕಾರಿನ ಮಾಲೀಕ ಕಡಿಮೆ ಮೊತ್ತ ಆರಿಸಿದ್ದರೆ ಅವನ ಕಂಪನಿಯಿಂದ ನಿಮಗೂ ಅಷ್ಟೇ. ನಿಮ್ಮ ಚಿಕಿತ್ಸೆ ಎಷ್ಟು ದಿನ ನಡೆಯುತ್ತದೆ ಎಂಬುದು, ನೀವು ಎಂದೂ ನೋಡದ ಒಬ್ಬ ಮನುಷ್ಯ ಹಣ ಉಳಿಸಲು ಯಾವ ಕಾಲಂಗೆ ಟಿಕ್ ಹಾಕಿದ ಎಂಬುದರ ಮೇಲೆ ನಿಂತಿದೆ. ಸ್ವಾತಂತ್ರ್ಯಕ್ಕಾಗಿ ಇಷ್ಟು ವರ್ಷ ಹೋರಾಡಿದವರ ಗತಿ ಕೊನೆಗೆ ಅಪರಿಚಿತನ ಟಿಕ್ ಮಾರ್ಕಿಗೆ ಗಂಟು ಬಿದ್ದಿತು.

ಆಮೇಲೆ ಏನಾಯಿತು

ಮೊದಲು ಹೆಲ್ಮೆಟ್ ಒಳಗೆ ಏನು ನಡೆಯುತ್ತದೆ ಅಂತ ನೋಡೋಣ, ಇಲ್ಲದಿದ್ದರೆ ಮುಂದಿನ ಅಂಕಿಗಳು ಬರೀ ಅಂಕಿಗಳಾಗಿ ಉಳಿಯುತ್ತವೆ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಒಂದು ಬಿಂದುವಿನಿಂದ ಅಗಲಕ್ಕೆ ಹರಡುತ್ತದೆ. ನಿಜವಾದ ಕೆಲಸ ಮಾಡುವುದು ಒಳಗಿನ ಬಿಳಿ ಥರ್ಮೊಕೋಲ್ ಪದರ. ಅದು ಜಜ್ಜಿಹೋಗಬೇಕು, ಜಜ್ಜಿಹೋಗುವುದೇ ಅದರ ಕೆಲಸ. ತಲೆ ರಸ್ತೆಗೆ ಬಡಿದು ನಿಲ್ಲಲು ತೆಗೆದುಕೊಳ್ಳುವ ಹೊತ್ತನ್ನು ಅದು ಕೆಲವು ಮಿಲಿಸೆಕೆಂಡಿನಷ್ಟು ಎಳೆಯುತ್ತದೆ. ಅಷ್ಟೇ. ಆ ಕೆಲವು ಮಿಲಿಸೆಕೆಂಡು ಸಿಗದಿದ್ದರೆ ಬುರುಡೆ ನಿಂತ ಮೇಲೂ ಒಳಗಿನ ಮೆದುಳು ಮುಂದಕ್ಕೆ ಹೋಗಿ ಎಲುಬಿಗೆ ಬಡಿಯುತ್ತದೆ, ರಕ್ತನಾಳ ಹರಿಯುತ್ತದೆ, ಊದಿಕೊಳ್ಳಲು ಜಾಗ ಇಲ್ಲದ ಡಬ್ಬಿಯೊಳಗೆ ಊದಿಕೊಳ್ಳುತ್ತದೆ. ಒಮ್ಮೆ ಬಿದ್ದ ಹೆಲ್ಮೆಟ್ ಮತ್ತೆ ಹಾಕಬೇಡಿ ಅನ್ನುವುದು ಇದಕ್ಕೇ, ಜಜ್ಜಿದ ಥರ್ಮೊಕೋಲ್ ಮತ್ತೆ ಉಬ್ಬುವುದಿಲ್ಲ.

ಹೆಲ್ಮೆಟ್ ಉಪಯೋಗಕ್ಕೆ ಬರುತ್ತದಾ ಎಂಬ ಬಗ್ಗೆ ಗಂಭೀರ ತಕರಾರು ಈಗ ಉಳಿದಿಲ್ಲ. ಲೋಕದ ಹಲವು ಕಡೆಯ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಕಾಕ್ರೇನ್ ಎಂಬ ಸಂಸ್ಥೆಯ 2008ರ ವಿಮರ್ಶೆ, ಅಪಘಾತವಾದಾಗ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42 ಶೇಕಡಾ, ತಲೆಪೆಟ್ಟಿನ ಅಪಾಯವನ್ನು ಸುಮಾರು 69 ಶೇಕಡಾ ತಗ್ಗಿಸುತ್ತದೆ ಎಂದಿತು. ಈ ಎರಡು ಸಂಖ್ಯೆಗಳ ನಡುವಿನ ಅಂತರ ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಕಾನೂನು ಬದಲಾಗುವ ಮೊದಲಿನ ಒಂದು ವರ್ಷ, ನಂತರದ ಒಂದು ವರ್ಷ ಹೋಲಿಸಿ ನೋಡಿದರು. ವರದಿ ಬಂದದ್ದು 2017ರಲ್ಲಿ. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ಹೆಲ್ಮೆಟ್ ಹಾಕಿದ್ದವರು 93 ಶೇಕಡಾದಿಂದ 71 ಶೇಕಡಾಕ್ಕೆ ಇಳಿದಿದ್ದರು. ಇದರಲ್ಲಿ ಆಶ್ಚರ್ಯ ಏನಿಲ್ಲ. ಆಶ್ಚರ್ಯ ಮುಂದಿದೆ. ಒಟ್ಟು ಸಾವಿನ ಪ್ರಮಾಣ ಬದಲಾಗಲೇ ಇಲ್ಲ, 3.3 ಶೇಕಡಾ ಇದ್ದದ್ದು 3.2. ನೋಡಿದ್ರಾ, ಸುಮ್ನೆ ಹೆದರಿಸುತ್ತಿದ್ದರು ಅಂತ ಸವಾರರ ಕಡೆಯವರು ಹೇಳಬಹುದು. ಆದರೆ ಅದೇ ವರದಿಯ ಪಕ್ಕದ ಸಾಲು ಹೀಗಿದೆ: ಗಾಯಗೊಂಡು ಟ್ರಾಮಾ ಕೇಂದ್ರಕ್ಕೆ ಬಂದ ಸವಾರರಲ್ಲಿ ತಲೆಪೆಟ್ಟು ಆದವರು 43.4 ಶೇಕಡಾದಿಂದ 49.6 ಶೇಕಡಾಕ್ಕೆ ಏರಿದರು. ಮೆದುಳಿನ ಶಸ್ತ್ರಚಿಕಿತ್ಸೆಯಂಥ ನರ ಚಿಕಿತ್ಸೆ ಬೇಕಾದವರು 3.7ರಿಂದ 6.5ಕ್ಕೆ ಹೋದರು. ವಿಮಾ ಕ್ಷೇತ್ರದ ಸಂಶೋಧನಾ ಸಂಸ್ಥೆಯೊಂದು 2013ರಲ್ಲಿ ಲೆಕ್ಕ ಹಾಕಿದಾಗ, ಬೈಕ್ ಗಾಯದ ಒಂದೊಂದು ಕ್ಲೇಮಿಗೆ ಕೊಡುವ ಸರಾಸರಿ ಮೊತ್ತ 22 ಶೇಕಡಾ ಹೆಚ್ಚಿತ್ತು.

ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇಲ್ಲಿದೆ. ಎರಡೂ ಕಡೆಯವರು ಇಷ್ಟು ವರ್ಷ ಮಾತಾಡಿದ್ದು ಸಾವಿನ ಬಗ್ಗೆ. ಗಾಳಿಗೆ ಮುಖ ಕೊಟ್ಟು ಹೋಗುತ್ತೇನೆ, ಸತ್ತರೆ ಸಾಯುತ್ತೇನೆ ಎಂದು ಒಬ್ಬರು. ಸಾಯಲು ಬಿಡುವುದಿಲ್ಲ ಎಂದು ಇನ್ನೊಬ್ಬರು. ಎದ್ದು ಕಾಣುವಷ್ಟು ಏರಿದ್ದು ಸಾವಲ್ಲ, ಬದುಕಿ ಉಳಿದು ಬದಲಾದವರ ಸಂಖ್ಯೆ.

ಅಪಾಯ ತೆಗೆದುಕೊಂಡವನು, ಅನುಭವಿಸುವವನು

ಖರ್ಚಿನ ವಾದ ನನಗೆ ಪೂರ್ತಿ ಹಿಡಿಸುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಿಲ್ ಸಮಾಜದ ಮೇಲೆ ಬರುತ್ತದೆ, ಆದ್ದರಿಂದ ಸಮಾಜ ತಡೆಯಬಹುದು ಅಂದರೆ, ಯಾವುದನ್ನು ತಡೆಯಬಾರದು? ಜಾಸ್ತಿ ತಿನ್ನುವವನ ಬಿಲ್ಲೂ ಬರುತ್ತದೆ, ಕುದುರೆ ಸವಾರಿಯದ್ದೂ ಬರುತ್ತದೆ, ಮನೆಯಲ್ಲಿ ಏಣಿ ಹತ್ತಿ ಬಿದ್ದವನದ್ದೂ ಬರುತ್ತದೆ. ಅಷ್ಟೇಕೆ, ಬೈಕ್ ಓಡಿಸುವುದೇ ಕಾರಿಗಿಂತ ಎಷ್ಟೋ ಪಟ್ಟು ಅಪಾಯ. ಖರ್ಚೇ ಮುಖ್ಯವಾದರೆ ಹೆಲ್ಮೆಟ್ ಯಾಕೆ, ಬೈಕನ್ನೇ ನಿಲ್ಲಿಸಿ. ಸವಾರರು ಇದನ್ನೇ ಕೇಳುತ್ತಾರೆ, ಕಾರಿನೊಳಗೂ ತಲೆಗೆ ಪೆಟ್ಟಾಗುತ್ತದಲ್ಲ, ಕಾರಿನವರಿಗೂ ಹೆಲ್ಮೆಟ್ ಹಾಕಿಸಿ ಅಂತ. ಚೇಷ್ಟೆಯ ಪ್ರಶ್ನೆ, ಆದರೆ ಉತ್ತರ ಕೊಡಲೇಬೇಕು.

ಖರ್ಚಿನ ತಕ್ಕಡಿ ಇನ್ನೂ ಒಂದು ಕಡೆ ನಾಚಿಕೆಗೇಡಿನ ಜಾಗಕ್ಕೆ ಕರೆದುಕೊಂಡು ಹೋಗುತ್ತದೆ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಾಜ್ಯಗಳು ಹೆಲ್ಮೆಟ್ ಕಾನೂನು ಕೈಬಿಟ್ಟಾಗ ವಾಹನ ಅಪಘಾತದಿಂದ ಬರುವ ಅಂಗದಾನ ಸುಮಾರು 10 ಶೇಕಡಾ ಹೆಚ್ಚಿತು. ಅವರು ಇದನ್ನು ಕಾನೂನು ತೆಗೆಯಿರಿ ಅನ್ನಲು ಬರೆದದ್ದಲ್ಲ. ಆದರೂ ಲಾಭ ನಷ್ಟವೊಂದೇ ಅಳತೆ ಅಂತಾದರೆ ಇದನ್ನೂ ಒಂದು ತಟ್ಟೆಗೆ ಹಾಕಬೇಕಾಗುತ್ತದೆ. ಹಾಕಲು ಮನಸ್ಸು ಬರುವುದಿಲ್ಲ ಅಂದರೆ, ನಮ್ಮ ತಲೆಯಲ್ಲಿರುವ ಅಳತೆ ಬೇರೇನೋ ಇದೆ ಅಂತಾಯಿತು.

ಹಾಗಾದರೆ ಯಾವುದು? ನನ್ನ ಉತ್ತರ ಆ 42 ಮತ್ತು 69ರ ನಡುವೆ ಇದೆ, ಅಂದರೆ ಹೆಲ್ಮೆಟ್ ಸಾವಿಗಿಂತ ಹೆಚ್ಚಾಗಿ ತಡೆಯುವುದು ತಲೆಪೆಟ್ಟನ್ನು ಎಂಬಲ್ಲಿ. "ನನ್ನ ತಲೆ, ನನ್ನ ಇಷ್ಟ" ಅನ್ನುವ ಮಾತಿಗೆ ತೂಕ ಬರುವುದು ತೀರ್ಮಾನ ಮಾಡುವವನೂ ಫಲ ಅನುಭವಿಸುವವನೂ ಒಬ್ಬನೇ ಆದಾಗ. ಕಾಲು ಮುರಿದವನು ಅದೇ ಮನುಷ್ಯ. ಆಸ್ಪತ್ರೆಯಲ್ಲಿ ಮಲಗಿ, ನಾನೇ ಮಾಡಿಕೊಂಡದ್ದು, ಅನುಭವಿಸುತ್ತೇನೆ ಅನ್ನಬಹುದು, ಬೇಕಾದರೆ ವಾಸಿಯಾದ ಮೇಲೆ ಮತ್ತೆ ಅದೇ ಬೈಕ್ ಹತ್ತಬಹುದು. ಸತ್ತವನಿಗೆ ಅನುಭವಿಸುವುದೇ ಇಲ್ಲ, ಅದು ಬೇರೆಯವರಿಗೆ. ಆದರೆ ಮೆದುಳಿನ ಮುಂಭಾಗಕ್ಕೆ ಜೋರು ಪೆಟ್ಟಾದವನು? ಅಂಥವರಲ್ಲಿ ಹಲವರ ಸ್ವಭಾವವೇ ಬದಲಾಗುತ್ತದೆ. ಸಿಟ್ಟು ಹತೋಟಿಗೆ ಬರುವುದಿಲ್ಲ, ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ಮನೆಯವರು "ಇವರು ಮೊದಲಿನ ಹಾಗಿಲ್ಲ" ಅಂತಾರೆ, ಹಾಗೆ ಅಂದರೆ ಪೆಟ್ಟಾದವರಿಗೆ ಅರ್ಥವೂ ಆಗದೆ ಇರಬಹುದು. ಗಾಳಿಗೆ ಮುಖ ಕೊಟ್ಟು ಹೋಗಲು ತೀರ್ಮಾನಿಸಿದ ಆ ಧೈರ್ಯದ ಮನುಷ್ಯ ಹೊರಟುಹೋಗಿದ್ದಾನೆ. ಆ ತೀರ್ಮಾನದ ಜೊತೆ ಮೂವತ್ತು ವರ್ಷ ಬದುಕಬೇಕಾದವನು ಅದನ್ನು ಮಾಡಿದವನೇ ಅಲ್ಲ, ಅವನನ್ನು ಕೇಳಿಯೂ ಇಲ್ಲ. ಒಂದೇ ಹೆಸರು, ಒಂದೇ ಲೈಸೆನ್ಸ್, ಮನುಷ್ಯ ಬೇರೆ.

ಮಿಲ್‌ನನ್ನು ಸ್ವಾತಂತ್ರ್ಯದ ಪರ ಉದ್ಧರಿಸುವವರು ಅವನ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ. ಒಬ್ಬ ತನ್ನನ್ನೇ ಗುಲಾಮನಾಗಿ ಮಾರಿಕೊಳ್ಳುವುದನ್ನು ಅವನು ಒಪ್ಪಲಿಲ್ಲ. ಆ ಒಂದು ತೀರ್ಮಾನದಿಂದ ಮುಂದಿನ ಎಲ್ಲ ತೀರ್ಮಾನದ ಹಕ್ಕೇ ಹೋಗುತ್ತದೆ ಎಂಬುದು ಅವನ ತಕರಾರು. ಹೆಲ್ಮೆಟ್ ಬಿಡುವುದು ಗುಲಾಮಗಿರಿ ಅಂತ ನಾನು ಹೇಳುತ್ತಿಲ್ಲ, ಅಷ್ಟು ದೂರ ಹೋಗುವುದು ಬೇಡ. ಅಪಾಯ ಬೇರೆ, ಖಚಿತ ಬೇರೆ. ಆದರೆ ತೀರ್ಮಾನಿಸುವ ಅಂಗಕ್ಕೇ ಪೆಟ್ಟು ಬೀಳುವ ಅಪಾಯ ಉಳಿದ ಅಪಾಯಗಳ ಸಾಲಿಗೆ ಸೇರುವುದಿಲ್ಲ ಅನ್ನುವುದಕ್ಕೆ ಅವನ ಮಾತು ಸಾಕು. ಬೈಕ್ ನಿಲ್ಲಿಸಿ ಅಂತ ನಾನು ಹೇಳದಿರುವುದೂ ಇದಕ್ಕೇ. ಬೈಕ್ ನಿಲ್ಲಿಸಿದರೆ ಅವನ ಬದುಕಿನ ದೊಡ್ಡ ಸುಖವೊಂದನ್ನು ಕಿತ್ತುಕೊಂಡ ಹಾಗೆ, ಹೆಲ್ಮೆಟ್ ಹಾಕಿಸಿದರೆ ಸ್ವಲ್ಪ ಬೆವರು, ಸ್ವಲ್ಪ ಗಾಳಿ ನಷ್ಟ. ಕಾರಿನವರಿಗೆ ಹೆಲ್ಮೆಟ್ ಯಾಕಿಲ್ಲ ಅಂದರೆ, ಅವರ ಸುತ್ತ ಕಬ್ಬಿಣದ ಗೂಡು, ಬೆಲ್ಟು, ಏರ್‌ಬ್ಯಾಗ್ ಇದೆ. ಆ ಬೆಲ್ಟನ್ನು ಮಿಷಿಗನ್ 1985ರಿಂದ ಕಡ್ಡಾಯ ಮಾಡಿದೆ, ದೊಡ್ಡವರಿಗೂ, ಯಾವ ವಿಮೆ ತೋರಿಸಿದರೂ ಬಿಡುವುದಿಲ್ಲ. ಅದೇ ರಾಜ್ಯ ಬೈಕಿನವನಿಗೆ ನಿನ್ನಿಷ್ಟ ಅಂತು. ಇದರಲ್ಲಿ ತತ್ವ ಏನೂ ಇಲ್ಲ, ಸಂಘಟನೆ ಇದ್ದವರಿಗೆ ಸಿಕ್ಕಿತು, ಅಷ್ಟೇ.

ಸವಾರರ ಕಡೆಯ ವಾದಗಳಲ್ಲಿ ಹೆಲ್ಮೆಟ್ ಹಾಕಿದರೆ ಕಿವಿ ಕೇಳುವುದಿಲ್ಲ, ಪಕ್ಕ ಕಾಣುವುದಿಲ್ಲ ಎಂಬುದೂ ಒಂದು. 1994ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಇದನ್ನು ರಸ್ತೆ ಮೇಲೆ ಪರೀಕ್ಷಿಸಿತು. ಹಾರ್ನ್ ಕೇಳುವುದರಲ್ಲಿ ವ್ಯತ್ಯಾಸ ಬರಲಿಲ್ಲ, ಪಕ್ಕ ನೋಡಲು ಸವಾರರು ತಲೆಯನ್ನು ಸ್ವಲ್ಪ ಹೆಚ್ಚು ತಿರುಗಿಸಿದರು. ಅದನ್ನು ಅಲ್ಲಿಗೇ ಬಿಡೋಣ.

ಇನ್ನೊಂದು ಸುದ್ದಿಯನ್ನು ಹೆಲ್ಮೆಟ್ ಪರ ಇರುವವರು ಆಗಾಗ ಹಂಚುತ್ತಾರೆ. 2011ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹೆಲ್ಮೆಟ್ ಕಾನೂನು ವಿರೋಧಿಸಿ ಹೊರಟ ಬೈಕ್ ರ್‍ಯಾಲಿಯಲ್ಲಿ ಹೆಲ್ಮೆಟ್ ಇಲ್ಲದ ಸವಾರನೊಬ್ಬ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ. ಜನ ಅದನ್ನು ನಗುವ ಚಿಹ್ನೆ ಹಾಕಿ ಕಳಿಸುತ್ತಾರೆ. ನನಗೆ ಅದು ಬೇಡ. ನಂಬಿದ್ದಕ್ಕೆ ತಲೆ ಕೊಟ್ಟವನನ್ನು ನೋಡಿ ನಕ್ಕರೆ ವಾದ ಗೆದ್ದಂತಾಗುವುದಿಲ್ಲ, ಎದುರಿನವರು ಇನ್ನೂ ಗಟ್ಟಿಯಾಗಿ ಕೂರುತ್ತಾರೆ. ಅವರ ಮಾತಿನಲ್ಲಿ ಒಂದು ನಿಜವೂ ಇದೆಯಲ್ಲ, ಸರ್ಕಾರ ನಮ್ಮನ್ನು ಮಕ್ಕಳ ಹಾಗೆ ನೋಡಬಾರದು ಅಂತ. ಹೆಲ್ಮೆಟ್ ಕಡ್ಡಾಯ ಮಾಡುವುದು ಅಪ್ಪನಗಿರಿಯೇ. ನಾನು ಅದನ್ನು ಬೇಕು ಅನ್ನುವವನು, ಆದರೆ 1968ರ ಸರ್ಕಾರಿ ವಕೀಲರ ಹಾಗೆ ಹಾರುವ ಕಲ್ಲಿನ ಕಥೆ ಹೇಳುವುದಿಲ್ಲ.

ಮಿಷಿಗನ್ ಶಾಸಕರು ಮತ್ತೆ ಕೂತು ಬರೆಯುವುದಾದರೆ, ಕಡ್ಡಾಯ ಮಾಡಲು ಧೈರ್ಯ ಇಲ್ಲದಿದ್ದರೂ ಪರವಾಗಿಲ್ಲ, ಮೂರನೆಯ ಷರತ್ತನ್ನಾದರೂ ತೆಗೆಯಲಿ. 20,000 ಡಾಲರ್ ಬೇಡ. ಅದರ ಜಾಗದಲ್ಲಿ ಒಂದು ಪುಟದ ಫಾರಂ ಇರಲಿ. ನನ್ನ ಮೆದುಳಿಗೆ ಪೆಟ್ಟಾಗಿ ನನ್ನನ್ನು ನಾನು ನೋಡಿಕೊಳ್ಳಲಾಗದ ಸ್ಥಿತಿ ಬಂದರೆ ನನ್ನನ್ನು ನೋಡಿಕೊಳ್ಳುವವರು ಇಂಥವರು ಅಂತ ಒಂದು ಹೆಸರು. ಅದರ ಕೆಳಗೆ ಆ ವ್ಯಕ್ತಿಯದ್ದೇ ಸಹಿ, ಓದಿ ಒಪ್ಪಿದ್ದೇನೆ ಅಂತ. ಹೆಂಡತಿಯೋ ಗಂಡನೋ, ಅಮ್ಮನೋ, ಇಪ್ಪತ್ತು ವರ್ಷದ ಮಗಳೋ. ಊಟ ಮಾಡುತ್ತಿರುವಾಗ ಮೇಜಿನ ಮೇಲೆ ಆ ಕಾಗದ ಇಟ್ಟು, ಇಲ್ಲೊಂದು ಸಹಿ ಹಾಕು, ನಾಳೆಯಿಂದ ಹೆಲ್ಮೆಟ್ ಇಲ್ಲದೆ ಹೋಗಬೇಕು ಅಂತ ಅವನೇ ಕೇಳಲಿ. ಸಹಿ ಸಿಕ್ಕರೆ ಹೋಗಲಿ, ನನ್ನ ಅಭ್ಯಂತರ ಇಲ್ಲ.